ಹಿಡಿದ ಭುಜ ಸಡಿಲಾದ ಬಗೆ

ಭುಜ ಹಿಡಿದುಕೊಂಡರೆ ಕೈ ಮೇಲೆತ್ತಲು ಆಗುವುದಿಲ್ಲ ಎಂದೇ ಎಲ್ಲರೂ ತಿಳಿದಿರುತ್ತಾರೆ. ನನ್ನ ಎಡಗೈಗೆ ಮೊದಲು ಮುಚ್ಚಿಹೋದದ್ದು ಬೆನ್ನ ಹಿಂದಿನ ದಾರಿ. ಒಳಉಡುಪಿನ ಹುಕ್ಕು ಸಿಗದಾಯಿತು. ಸೀರೆ ಉಡುವಾಗ ಬಲಗೈ ಹಿಂದಿನಿಂದ ದಾಟಿಸಿದ ಅಂಚನ್ನು ಎಡಗೈ ಹಿಡಿದುಕೊಳ್ಳಬೇಕಲ್ಲ, ಅದು ಸೊಂಟದ ಪಕ್ಕಕ್ಕೇ ನಿಂತುಬಿಟ್ಟಿತು. ಆಮೇಲೆ ಜಡೆ ಹೆಣೆಯುವುದು ಹೋಯಿತು. ಕೈ ಎತ್ತುವುದು ಹೋದದ್ದು ಇವೆಲ್ಲ ಆದ ಮೇಲೆ.

ನಾನು ಶಿವಮೊಗ್ಗದ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ಕಪ್ಪುಹಲಗೆಯ ಮೇಲೆ ಮರದ ದೊಡ್ಡ ಕೋನಮಾಪಕವನ್ನು ಎಡಗೈಯಲ್ಲಿ ಒತ್ತಿ ಹಿಡಿದು ಬಲಗೈಯಲ್ಲಿ ಗೆರೆ ಎಳೆಯುವುದು ನನ್ನ ನಿತ್ಯದ ಕೆಲಸ. ಎಡಗೈ ಅಷ್ಟೆತ್ತರಕ್ಕೆ ಏರದಾದ ಮೇಲೆ ಹಲಗೆಯ ಮೇಲರ್ಧ ನನ್ನ ಪಾಲಿಗೆ ಇಲ್ಲವಾಯಿತು. ತ್ರಿಭುಜ, ವೃತ್ತಗಳೆಲ್ಲ ಕೆಳಗಿನ ಅರ್ಧಕ್ಕೆ ಇಳಿದವು. ಹಿಂದಿನ ಬೆಂಚಿನ ಹುಡುಗರು ಎದ್ದು ನಿಂತು ನೋಡತೊಡಗಿದರು. ಅವರಿಗೆ ಅದೊಂದು ಖುಷಿಯೇ ಆಗಿತ್ತು.

ನೋವು ಹಗಲು ತಡೆಯುವಂತಿತ್ತು. ರಾತ್ರಿ ಬೇರೆಯೇ ಲೆಕ್ಕ. ಎಡಮಗ್ಗುಲಿಗೆ ಹೊರಳಿದರೆ ಎಚ್ಚರ, ಬಲಮಗ್ಗುಲಿಗೆ ಮಲಗಿದರೆ ಎಡಗೈಯನ್ನು ಎಲ್ಲಿಡುವುದೆಂದು ತಿಳಿಯದೆ ಎಚ್ಚರ. ಒಮ್ಮೆ ಮೇಜಿನಿಂದ ಬೀಳುತ್ತಿದ್ದ ಡಸ್ಟರನ್ನು ಹಿಡಿಯಲು ಥಟ್ಟನೆ ಕೈ ಚಾಚಿದೆ. ಭುಜದಿಂದ ಮೊಣಕೈವರೆಗೆ ಎಂಥ ಚಳಕು ಹೊಡೆಯಿತೆಂದರೆ ತರಗತಿಯ ಮುಂದೆಯೇ ಕುರ್ಚಿ ಎಳೆದುಕೊಂಡು ಕುಳಿತೆ. ಎಡಗೈ ನೋವು ಎಂದ ಕೂಡಲೇ ಮನೆಯವರಿಗೆ ಹೃದಯದ ಭಯ. ಇಸಿಜಿ ಮಾಡಿಸಿದೆವು, ಏನೂ ಇರಲಿಲ್ಲ. ಇದನ್ನು ಸುಮ್ಮನೆ ಮಾಡಿಸಿದ ಖರ್ಚು ಎಂದು ನಾನು ಹೇಳುವುದಿಲ್ಲ. ನನಗೆ ಸಕ್ಕರೆ ಕಾಯಿಲೆ ಇದೆ, ಸಕ್ಕರೆ ಇರುವವರಲ್ಲಿ ಹೃದಯದ ತೊಂದರೆ ಎದೆನೋವಿಲ್ಲದೆಯೂ ಬರಬಹುದು.

ನಮ್ಮ ಅತ್ತೆಯವರು ಮಾತ್ರ ಮೊದಲ ದಿನವೇ ತೀರ್ಪು ಕೊಟ್ಟಿದ್ದರು: “ವಾಯು ಹಿಡಿದಿದೆ.” ಮಹಾನಾರಾಯಣ ತೈಲವನ್ನು ಬೆಚ್ಚಗೆ ಮಾಡಿ ತಿಕ್ಕಿ, ಬಿಸಿನೀರಿನ ಚೀಲದ ಶಾಖ ಕೊಟ್ಟರು. ಅವರ ಮಾತು ತೀರ ಗಾಳಿಯ ಮಾತೇನಲ್ಲ. ಸುಶ್ರುತ ಸಂಹಿತೆಯಲ್ಲಿ ಅವಬಾಹುಕ ಎಂಬ ರೋಗದ ವಿವರಣೆ ಇದೆ: ಭುಜದಲ್ಲಿ ನೆಲೆಸಿದ ವಾತ ಅಲ್ಲಿನ ಬಂಧನಗಳನ್ನು ಒಣಗಿಸಿ, ಸಿರೆಗಳನ್ನು ಕುಗ್ಗಿಸಿ ಕೈಯನ್ನು ಹಿಡಿಯುತ್ತದೆ ಎಂದು. ಎಣ್ಣೆಯಿಂದ ನನಗೆ ಹಿತವಾಗುತ್ತಿತ್ತು, ಮೊದಲ ನಿದ್ದೆಯೂ ಬರುತ್ತಿತ್ತು. ಆದರೆ ಕೈ ಮಾತ್ರ ಇದ್ದಲ್ಲೇ ಇತ್ತು.

ಹಾಗಾಗಿ ಯಾರೋ ಹೇಳಿದರೆಂದು ಒಂದು ಕಡೆ ಹೋದೆ. ಅಲ್ಲಿದ್ದವರು ನನ್ನನ್ನು ಮಲಗಿಸಿ, ಒಂದು ಕೈಯಿಂದ ಹೆಗಲು ಅದುಮಿ, ಇನ್ನೊಂದರಿಂದ ತೋಳನ್ನು ತಲೆಯ ಕಡೆಗೆ ಎಳೆದರು. “ಹಲ್ಲು ಕಚ್ಚಿ ತಡೆದುಕೊಳ್ಳಿ, ಒಳಗೆ ಅಂಟಿದ್ದು ಬಿಡಬೇಕು” ಎಂದರು. ನಾನು ಕಿರುಚಿದ್ದು ಹೊರಗೆ ಕುಳಿತಿದ್ದವರಿಗೂ ಕೇಳಿತು. ಆ ರಾತ್ರಿ ಮಲಗಲೇ ಇಲ್ಲ. ಮುಂದಿನ ವಾರವೆಲ್ಲ ಭುಜ ಕೆಂಡವಾಗಿತ್ತು, ಮೊದಲು ಬರುತ್ತಿದ್ದಷ್ಟು ಕೂಡ ಬರದೆ ಹೋಯಿತು. ಮತ್ತೆ ಬನ್ನಿ ಎಂದು ಫೋನ್ ಮಾಡಿದರು. ಹೋಗಲಿಲ್ಲ.

ಮೂಳೆ ವೈದ್ಯರು ಮಾಡಿದ ಪರೀಕ್ಷೆ ಎಷ್ಟು ಸರಳವಾಗಿತ್ತೆಂದರೆ ನನಗೆ ಅನುಮಾನವೇ ಬಂತು. ನಾನು ಕೈ ಎತ್ತಿದೆ. ಒಂದು ಮಟ್ಟದಲ್ಲಿ ನಿಂತಿತು. ನನ್ನ ಕೈಯನ್ನು ಸಡಿಲ ಬಿಡಲು ಹೇಳಿ ಅವರೇ ಎತ್ತಿದರು. ಅದೇ ಮಟ್ಟದಲ್ಲಿ ನಿಂತಿತು. ಮೊಣಕೈಯನ್ನು ಪಕ್ಕೆಗೆ ಅಂಟಿಸಿ ಮುಂಗೈಯನ್ನು ಹೊರಗೆ ತಿರುಗಿಸಿದರು. ತಿರುಗಲೇ ಇಲ್ಲ ಎನ್ನಬೇಕು. ಸ್ನಾಯುವನ್ನು ಮೂಳೆಗೆ ಕಟ್ಟಿರುವ ಸ್ನಾಯುರಜ್ಜು ಹರಿದಿದ್ದರೆ ರೋಗಿಯ ಶಕ್ತಿಗೆ ಏಳದ ಕೈ ಬೇರೆಯವರು ಎತ್ತಿದರೆ ಸಾಮಾನ್ಯವಾಗಿ ಏಳುತ್ತದೆ, ಇಲ್ಲಿ ಯಾರು ಎತ್ತಿದರೂ ಏಳುತ್ತಿಲ್ಲ, ಹೊರತಿರುವಂತೂ ಎಲ್ಲಕ್ಕಿಂತ ಹೆಚ್ಚು ಹೋಗಿದೆ ಎಂದು ವಿವರಿಸಿದರು. ಎಕ್ಸ್‌ರೇ ತೆಗೆಸಿದ್ದು ಸವಕಳಿಯಾಗಲಿ ಸುಣ್ಣದ ಶೇಖರಣೆಯಾಗಲಿ ಇಲ್ಲವೆಂದು ಖಚಿತಪಡಿಸಿಕೊಳ್ಳಲು. ಚೀಟಿಯ ಮೇಲೆ “ಪಿ.ಎ. ಶೋಲ್ಡರ್” ಎಂದು ಬರೆದರು, ಪೆರಿಆರ್ಥ್ರೈಟಿಸ್ ಎಂಬುದರ ಚಿಕ್ಕ ರೂಪ. ಜನ ಫ್ರೋಜನ್ ಶೋಲ್ಡರ್ ಎನ್ನುವುದು ಇದಕ್ಕೇ. ಆ ಹೆಸರನ್ನು ಬಳಕೆಗೆ ತಂದವರು ಬೋಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್, 1934ರಲ್ಲಿ.

ನಲವತ್ತರಿಂದ ಅರವತ್ತರ ನಡುವಿನ ವಯಸ್ಸು, ಹೆಂಗಸು, ಸಕ್ಕರೆ ಕಾಯಿಲೆ: ಈ ರೋಗ ಬರಲು ಬೇಕಾದ ಯೋಗ್ಯತೆಗಳೆಲ್ಲ ನನ್ನಲ್ಲಿದ್ದವು. ಥೈರಾಯ್ಡ್ ಒಂದು ಬಾಕಿ. ಅದನ್ನೂ ಪರೀಕ್ಷೆ ಮಾಡಿಸಿದರು, ಸರಿಯಿತ್ತು. ಎಚ್‌ಬಿಎ1ಸಿ (ಹಿಂದಿನ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಅಂಕಿ) ಮಾತ್ರ 8 ದಾಟಿತ್ತು. ಭುಜ ತೋರಿಸಲು ಹೋದವಳಿಗೆ ಸಕ್ಕರೆಯ ಮಾತ್ರೆ ಬದಲಾಯಿತು. ಕೀಲಿನೊಳಗೆ ಒಂದು ಸ್ಟೀರಾಯ್ಡ್ ಚುಚ್ಚುಮದ್ದು ಕೊಡಬಹುದು, ಅದು ಮೊದಲ ಕೆಲವು ವಾರಗಳ ನೋವನ್ನು ತಗ್ಗಿಸುತ್ತದೆ, ಬಿಗಿತವನ್ನು ಅದೊಂದೇ ಬಿಡಿಸುವುದಿಲ್ಲ, ಮತ್ತು ಕೆಲವು ದಿನ ಸಕ್ಕರೆ ಏರುತ್ತದೆ ಎಂದು ವೈದ್ಯರು ಮೊದಲೇ ಹೇಳಿದರು. ಹೇಳಿದಂತೆಯೇ ಏರಿತು, ಇಳಿಯಿತು. ನಾನು ನಿದ್ದೆ ಮಾಡಿದೆ. ಆ ನಿದ್ದೆಗಾಗಿಯೇ ಮತ್ತೊಮ್ಮೆ ಚುಚ್ಚಿಸಿಕೊಳ್ಳುತ್ತಿದ್ದೆನೇನೋ, ಅದರ ಅಗತ್ಯ ಬೀಳಲಿಲ್ಲ.

ಫಿಸಿಯೋಥೆರಪಿ ಎಂದಾಗ ನನ್ನ ಹೊಟ್ಟೆಯಲ್ಲಿ ಕಲ್ಲು ಬಿದ್ದಂತಾಯಿತು. ಹಿಂದಿನ ಅನುಭವ ಇನ್ನೂ ಹಸಿಯಾಗಿತ್ತು. ಈ ಬಾರಿ ಸಿಕ್ಕಿದ ಫಿಸಿಯೋಥೆರಪಿಸ್ಟ್ ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನ ಹುಡುಗಿ. ಮೊದಲ ಭೇಟಿಯಲ್ಲಿ ಅವರು ಕೈಯನ್ನು ಎಳೆಯಲೇ ಇಲ್ಲ. ಪ್ಲಾಸ್ಟಿಕ್ಕಿನ ಎರಡು ತೋಳಿನ ಒಂದು ಉಪಕರಣ ತೆಗೆದರು. ಗೋನಿಯೋಮೀಟರ್. ನೋಡಿದ ಕೂಡಲೇ ನನಗೆ ಜೀವ ಬಂತು; ಕೋನ ಅಳೆಯುವವರನ್ನು ನಾನು ನಂಬುತ್ತೇನೆ. ಹೊರತಿರುವು ಬಲಗಡೆ 70 ಡಿಗ್ರಿ, ಎಡಗಡೆ 15. ಮುಂದಿನಿಂದ ಮೇಲೆತ್ತುವುದು ಎಡಗಡೆ 95, ಸಹಜವಾಗಿ ಇರಬೇಕಾದದ್ದು 180ರ ಆಸುಪಾಸು. ಎಲ್ಲವನ್ನೂ ಬರೆದುಕೊಂಡು ಕನ್ನಡಿಯ ಮುಂದೆ ನಿಲ್ಲಿಸಿದರು.

“ಈಗ ಕೈ ಎತ್ತಿ ಮೇಡಂ.”

ಎತ್ತಿದೆ.

“ನೋಡಿ, ಕೈ ಎತ್ತಿ ಎಂದರೆ ನೀವು ಹೆಗಲು ಎತ್ತುತ್ತಿದ್ದೀರಿ.”

ನಿಜ. ಎಡಹೆಗಲು ಕಿವಿಯ ಹತ್ತಿರ ಹೋಗಿತ್ತು. ಸರಿಯಿರುವ ಭುಜದಲ್ಲಿ ಕೈ ಪೂರ್ತಿ ಮೇಲೆ ಹೋಗಲು ಸುಮಾರು 120 ಡಿಗ್ರಿ ಕೀಲಿನ ಗುಂಡಿನಿಂದ, ಅಂದರೆ ತೋಳುಮೂಳೆಯ ದುಂಡನೆಯ ತುದಿಯಿಂದ, ಮಿಕ್ಕ 60 ಡಿಗ್ರಿ ಬೆನ್ನ ಮೇಲಿನ ರೆಕ್ಕೆಮೂಳೆಯ ಚಲನೆಯಿಂದ ಬರುತ್ತದೆ. ಎರಡಕ್ಕೆ ಒಂದರ ಅನುಪಾತ. ನನ್ನಲ್ಲಿ ಗುಂಡು ತಿರುಗದಿದ್ದುದರಿಂದ ರೆಕ್ಕೆಮೂಳೆಯೇ ಎಲ್ಲ ಕೆಲಸ ಮೈಮೇಲೆ ಹಾಕಿಕೊಂಡಿತ್ತು. ಕತ್ತಿನ ಬುಡ ಸದಾ ಬಿಗಿದಿರುತ್ತಿದ್ದುದು ಅದರಿಂದಲೇ.

ಒಳಗೆ ಏನಾಗಿದೆ ಎಂದು ಕೇಳಿದೆ. ಕೀಲನ್ನು ಸುತ್ತಿರುವ ಪೊರೆಯ ತಳಭಾಗ, ಕಂಕುಳ ಕಡೆಯಲ್ಲಿ, ಮಡಿಕೆಯಾಗಿ ಸಡಿಲವಾಗಿರಬೇಕು. ಉರಿಯೂತ ಬಂದು ಆ ಪೊರೆ ದಪ್ಪವಾಗಿ ಕುಗ್ಗಿದೆ ಎಂದರು. ರವಿಕೆ ಹೊಲಿಸುವ ಯಾರಿಗಾದರೂ ಇದು ತಕ್ಷಣ ಅರ್ಥವಾಗುತ್ತದೆ. ಕಂಕುಳಲ್ಲಿ ಟೈಲರ್ ಬಟ್ಟೆ ಬಿಡದೆ ಬಿಗಿಯಾಗಿ ಹೊಲಿದರೆ, ಕೈ ಎತ್ತಿದಾಗ ತೋಳು ಏಳುವುದಿಲ್ಲ, ರವಿಕೆಯೇ ಮೇಲೆ ಬರುತ್ತದೆ. ನನ್ನ ಹೆಗಲು ಕಿವಿಗೆ ಏರಿದ್ದು ಅದೇ ಕ್ರಮದಲ್ಲಿ.

“ಹಾಗಾದರೆ ಹೊಲಿಗೆ ಬಿಚ್ಚಬೇಕಲ್ಲವೇ, ಎಳೆದರೆ ತಾನೆ ಬಿಡುವುದು?” ಎಂದೆ. ಅವರು ನಕ್ಕರು. “ಈಗ ನಿಮ್ಮ ಕೀಲು ಕೆರಳಿಕೊಂಡಿದೆ. ಕೆರಳಿದ್ದನ್ನು ಎಳೆದರೆ ಇನ್ನಷ್ಟು ಕುಗ್ಗುತ್ತದೆ. ಮೊದಲು ಸಮಾಧಾನ ಮಾಡೋಣ, ಎಳೆಯುವುದು ಆಮೇಲೆ.” ಕೆರಳಿದೆಯೋ ಇಲ್ಲವೋ ಎಂದು ತಿಳಿಯಲು ಅವರು ಕೇಳುತ್ತಿದ್ದುದು ರಾತ್ರಿಯ ಬಗ್ಗೆ. ನಿದ್ದೆಯಿಂದ ಎಬ್ಬಿಸಿತೇ? ಸುಮ್ಮನೆ ಕುಳಿತಾಗಲೂ ನೋವಿದೆಯೇ? ಕೈ ತಿರುಗಿಸುವಾಗ ನೋವು ಮೊದಲು ಬರುತ್ತದೆಯೋ, ಬಿಗಿತ ಮೊದಲು ಸಿಗುತ್ತದೆಯೋ? ಈ ಕೊನೆಯ ಪ್ರಶ್ನೆಯ ಬೆಲೆ ನನಗೆ ತಿಳಿದದ್ದು ತಡವಾಗಿ. ಬಿಗಿತಕ್ಕೆ ಮುಂಚೆಯೇ ನೋವು ಬರುತ್ತಿದ್ದಷ್ಟು ಕಾಲ ಅವರು ನನ್ನ ಕೈಯನ್ನು ಕೊನೆಯ ಮಿತಿಯವರೆಗೆ ಒಯ್ಯಲಿಲ್ಲ.

ಆ ದಿನಗಳ ಚಿಕಿತ್ಸೆಯನ್ನು ಪಕ್ಕದ ಮಂಚದಿಂದ ನೋಡಿದವರಿಗೆ ಇದಕ್ಕೇಕೆ ದುಡ್ಡು ಕೊಡಬೇಕು ಎನಿಸಿದ್ದರೆ ಆಶ್ಚರ್ಯವಿಲ್ಲ. ಬಿಸಿ ಪ್ಯಾಕಿನ ಶಾಖ ಕೊಟ್ಟು, ತೋಳಿನ ಕೆಳಗೆ ಟವೆಲ್ ಮಡಿಸಿಟ್ಟು, ಕಂಕುಳ ಹತ್ತಿರ ತೋಳನ್ನು ಹಿಡಿದು, ಗುಂಡನ್ನು ಕೀಲಿನಿಂದ ಅಷ್ಟೇ ಅಷ್ಟು ಹೊರಕ್ಕೆ ಜಗ್ಗಿ, ಒಂದೇ ಲಯದಲ್ಲಿ ಅಲುಗಿಸುತ್ತಿದ್ದರು. ಆಚೆ ಈಚೆ, ಕೆಲವು ಮಿಲಿಮೀಟರ್ ಇರಬಹುದು. ಆಸ್ಟ್ರೇಲಿಯಾದ ಜೆಫ್ರಿ ಮೈಟ್‌ಲೆಂಡ್ ಎಂಬ ಫಿಸಿಯೋಥೆರಪಿಸ್ಟ್ ಇದಕ್ಕೆ ದರ್ಜೆಗಳನ್ನು ಗೊತ್ತುಮಾಡಿದ್ದಾರೆ. ಒಂದು ಮತ್ತು ಎರಡನೆಯ ದರ್ಜೆ ಬಿಗಿತವನ್ನು ಮುಟ್ಟದೆ ಆಡಿಸುವುದು, ನೋವು ಶಮನಕ್ಕೆ. ಮೂರು, ನಾಲ್ಕು ಬಿಗಿತದ ಒಳಕ್ಕೆ ಹೋಗುವುದು. ಐದನೆಯದು ಥಟ್ಟನೆ ಕೊಡುವ ತಳ್ಳು. ನಾನು ಮೊದಲು ಹೋದ ಕಡೆ ಈ ಮೆಟ್ಟಿಲುಗಳ ಪರಿಚಯವೇ ಇರಲಿಲ್ಲ. ನೇರ ಮಹಡಿಯಿಂದಲೇ ಶುರು.

ನನ್ನನ್ನು ಬಲಮಗ್ಗುಲಿಗೆ ಮಲಗಿಸಿ ರೆಕ್ಕೆಮೂಳೆಯ ಒಳಅಂಚಿನಡಿ ಬೆರಳು ತೂರಿಸಿ ಎತ್ತುತ್ತಿದ್ದರು. ಹೇಳಿದರೆ ಭೀಕರ, ಮಾಡಿಸಿಕೊಂಡರೆ ಪರಮಸುಖ. ಅಲ್ಲೇ ನಿದ್ದೆ ಹೋದದ್ದುಂಟು.

ನೋವಿನ ಬಗ್ಗೆ ಅವರದೊಂದು ನಿಯಮವಿತ್ತು. ಚಿಕಿತ್ಸೆಯ ಹೊತ್ತಿನಲ್ಲಿ ಸೆಳೆತ ಇರಬಹುದು, ಮನೆಗೆ ಹೋದ ಮೇಲೆ ಸ್ವಲ್ಪ ಹೊತ್ತು ನೋವೂ ಇರಬಹುದು, ಆದರೆ ಮಲಗುವ ಹೊತ್ತಿಗೆ ಅದು ಮೊದಲಿದ್ದ ಮಟ್ಟಕ್ಕೆ ಇಳಿಯಬೇಕು. ಇಳಿಯದಿದ್ದರೆ ಮುಂದಿನ ಬಾರಿ ಒಂದು ಮೆಟ್ಟಿಲು ಕೆಳಗೆ. ರೋಗಿಯ ಹಟಕ್ಕೂ ಚಿಕಿತ್ಸಕರ ಹಟಕ್ಕೂ ಇಲ್ಲಿ ಜಾಗವಿಲ್ಲ. ನಾನು ಕಂಡ ಎಲ್ಲ ಸಲಹೆಗಳಲ್ಲಿ ಇದೇ ದೊಡ್ಡದು ಎಂದು ಈಗಲೂ ನನ್ನ ಅಭಿಪ್ರಾಯ.

ಮನೆಗೆ ಕೊಟ್ಟ ಮೊದಲ ವ್ಯಾಯಾಮ ಪೆಂಡುಲಮ್. ಬಲಗೈಯನ್ನು ಮೇಜಿಗೆ ಊರಿ, ಮುಂದೆ ಬಾಗಿ, ಎಡಗೈಯನ್ನು ಇಳಿಬಿಟ್ಟು ತೂಗುವುದು. ಇದಕ್ಕೂ ಅದೇ ಕಾಡ್‌ಮನ್ನರ ಹೆಸರಿದೆ. ತೂಗಬೇಕಾದದ್ದು ಮೈ, ಕೈ ಅದರ ಹಿಂದೆ ತಾನಾಗಿ ಬರಬೇಕು. ಕೈಯನ್ನೇ ಬಲ ಹಾಕಿ ತಿರುಗಿಸಿದರೆ ಸ್ನಾಯುಗಳು ಬಿಗಿಯುತ್ತವೆ, ಉದ್ದೇಶವೇ ಹಾಳು. ಹಲವರು ಇದನ್ನು ತಪ್ಪಾಗಿಯೇ ಮಾಡುತ್ತಾರೆ, ಮೊಬೈಲಿನ ವಿಡಿಯೊಗಳಲ್ಲಿ ಕಲಿಸುವ ಕೆಲವರೂ ಸೇರಿ.

ರಾತ್ರಿಯ ನೋವು ಅಡಗಿ, ಕೈ ತಿರುಗಿಸಿದಾಗ ಬಿಗಿತವೇ ಮೊದಲು ಸಿಗತೊಡಗಿದ ಮೇಲೆ ಆಟ ಬದಲಾಯಿತು. ಈಗ ಅವರು ನಿಜಕ್ಕೂ ಒತ್ತುತ್ತಿದ್ದರು. ಗುಂಡನ್ನು ಕೆಳಕ್ಕೆ ಜಾರಿಸುವುದು ಕೈ ಮೇಲೇರಲು. ಹೊರತಿರುವಿಗೆ ಮಾತ್ರ ನನಗೆ ವಿಚಿತ್ರ ಕಂಡಿತು: ಭುಜದ ಮುಂಭಾಗದಿಂದ ಗುಂಡನ್ನು ಹಿಂದಕ್ಕೆ, ಮಂಚದ ಕಡೆಗೆ ಒತ್ತುತ್ತಿದ್ದರು. ಗುಂಡು ಹೊರಗೆ ತಿರುಗುವಾಗ ಅದು ಮುಂದಕ್ಕೆ ಜಾರಬೇಕು, ಹಾಗಾದರೆ ಮುಂದಕ್ಕೆ ಒತ್ತಬೇಕಲ್ಲವೇ? ಪಠ್ಯಪುಸ್ತಕದ ಲೆಕ್ಕ ಹಾಗೆಯೇ ಹೇಳುತ್ತದೆ, ಆದರೆ 2007ರಲ್ಲಿ ಅಮೆರಿಕದಲ್ಲಿ ಇಂಥ ಭುಜಗಳ ಮೇಲೇ ನಡೆದ ಒಂದು ಸಣ್ಣ ಅಧ್ಯಯನದಲ್ಲಿ ಹಿಂದಕ್ಕೆ ಒತ್ತಿಸಿಕೊಂಡವರ ಹೊರತಿರುವು ಹೆಚ್ಚು ಮರಳಿತು ಎಂದರು. ಪ್ರಮೇಯ ಒಂದು ಹೇಳಿ ಅಳತೆ ಇನ್ನೊಂದು ಹೇಳಿದರೆ ಏನು ಮಾಡಬೇಕೆಂದು ನಾನು ಮಕ್ಕಳಿಗೆ ಬೋಧಿಸುವವಳು. ಸುಮ್ಮನೆ ಮಲಗಿದೆ.

ಮನೆಯ ಪಾಠವೂ ಹೆಚ್ಚಿತು. ಹೊರತಿರುವಿಗೆ ಕೋಲು: ಅಂಗಾತ ಮಲಗಿ, ಮೊಣಕೈ ಮತ್ತು ಪಕ್ಕೆಯ ನಡುವೆ ಮಡಿಸಿದ ಟವೆಲ್ ಇಟ್ಟು, ಎರಡು ಕೈಯಲ್ಲೂ ಕೋಲು ಹಿಡಿದು, ಬಲಗೈಯಿಂದ ಎಡಗೈಯನ್ನು ಹೊರಕ್ಕೆ ನಿಧಾನ ತಳ್ಳುವುದು. ನೆಲ ಒರೆಸುವ ಮಾಪಿನ ಹಿಡಿ ಇದಕ್ಕೆ ಹೇಳಿ ಮಾಡಿಸಿದಂತಿತ್ತು; ಕೆಲಸದವಳು ಅದನ್ನು ಹುಡುಕಿಕೊಂಡು ಮಲಗುವ ಕೋಣೆಗೆ ಬರುವುದು ವಾಡಿಕೆಯಾಯಿತು. ಕೊನೆಯಲ್ಲಿ ಸುಮಾರು ಮೂವತ್ತು ಸೆಕೆಂಡು ಹಿಡಿದು ಬಿಡಬೇಕು, ಉಸಿರು ಕಟ್ಟಬಾರದು, ಕುಲುಕಬಾರದು. ಟವೆಲ್ ಇಡದಿದ್ದರೆ ಮೊಣಕೈ ಪಕ್ಕೆಯಿಂದ ಕಳಚಿಕೊಂಡು ಹೋಗಿ, ಭುಜ ತಿರುಗದೆಯೇ ತಿರುಗಿದಂತೆ ಕಾಣುತ್ತದೆ.

ಗೋಡೆಯ ಮೇಲೆ ಬೆರಳುಗಳನ್ನು ಮೇಲಕ್ಕೆ ನಡೆಸುವುದು ಎಲ್ಲರಿಗೂ ಗೊತ್ತಿರುವ ವ್ಯಾಯಾಮ. ನಾನು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದೆ. ಗುರುತು ಮೇಲೇರುವುದು ಖುಷಿ ಕೊಡುತ್ತದೆ, ಅಪಾಯವೂ ಅಲ್ಲೇ. ತುದಿಗಾಲಲ್ಲಿ ನಿಂತು, ಸೊಂಟ ವಾಲಿಸಿ, ಹೆಗಲು ಏರಿಸಿ ಗುರುತನ್ನು ಎಷ್ಟು ಮೇಲೆ ಬೇಕಾದರೂ ಒಯ್ಯಬಹುದು. ಅವರು ಅದನ್ನು ಬಿಡಿಸಿ ಬಟ್ಟೆ ಒಣಗಿಸುವ ರಾಟೆಯನ್ನು ಬಳಸಿ ಎಂದರು. ನಮ್ಮ ಹಿತ್ತಿಲ ವರಾಂಡದ ಸೂರಿನಲ್ಲಿ ಅಂಥ ರಾಟೆ ಇತ್ತು. ಅದರಡಿ ಕುರ್ಚಿ ಹಾಕಿ ಕುಳಿತು, ಬಲಗೈಯಿಂದ ಹಗ್ಗ ಇಳಿಸಿದರೆ ಎಡಗೈ ತಾನಾಗಿ ಮೇಲೇರುತ್ತದೆ. ಕುಳಿತವರಿಗೆ ತುದಿಗಾಲಿನ ಮೋಸ ಸಾಧ್ಯವಿಲ್ಲ. ಬೆನ್ನ ಹಿಂದೆ ಟವೆಲ್ ಹಿಡಿದು ಮೇಲಿನ ಕೈಯಿಂದ ಕೆಳಗಿನ ಕೈಯನ್ನು ಎಳೆಯುವುದನ್ನು ತುಂಬ ಕೊನೆಗೆ ಸೇರಿಸಿದರು, ಅದು ಬೇಗ ಕೆರಳಿಸುತ್ತದೆ ಎಂದು. ಇವೆಲ್ಲ ಬಿಸಿನೀರಿನ ಸ್ನಾನವಾದ ಕೂಡಲೇ ಮಾಡಿದರೆ ಸಲೀಸು. ಶಾಲೆಯ ಅವಸರದಲ್ಲಿ ಬೆಳಿಗ್ಗೆ ಅರ್ಧ, ಸಂಜೆ ಅರ್ಧ ಎಂದಾಗುತ್ತಿತ್ತು.

ಏರಿಕೆ ನೇರ ಗೆರೆಯಲ್ಲಿ ಬರಲಿಲ್ಲ. ಗೋನಿಯೋಮೀಟರ್ ಒಂದೇ ಅಂಕಿಯನ್ನು ಹೇಳುತ್ತ ಕುಳಿತ ಕಾಲವಿತ್ತು. ಪರೀಕ್ಷೆಯ ಮೌಲ್ಯಮಾಪನಕ್ಕೆ ಹೋಗಿ ದಿನವಿಡೀ ಕುಳಿತು ಬಂದಾಗ ಹಿಂದಕ್ಕೂ ಸರಿಯಿತು. ಆ ಹೊತ್ತಿಗೆ ಬಂಧುವೊಬ್ಬರು, ಅರಿವಳಿಕೆ ಕೊಟ್ಟು ಕೈ ತಿರುಗಿಸಿಬಿಡುತ್ತಾರಂತೆ, ಒಂದೇ ದಿನದ ಕೆಲಸ, ಇದೇಕೆ ಎಳೆದಾಡುತ್ತೀಯ ಎಂದರು. ಆಸೆಯಾಯಿತು. ವೈದ್ಯರನ್ನು ಕೇಳಿದೆ. 2020ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬ್ರಿಟನ್ನಿನ 35 ಆಸ್ಪತ್ರೆಗಳ 503 ರೋಗಿಗಳ ಪ್ರಯೋಗ ಪ್ರಕಟವಾಗಿದೆ. ಚುಚ್ಚುಮದ್ದಿನ ಜೊತೆ ಫಿಸಿಯೋಥೆರಪಿ, ಅರಿವಳಿಕೆ ಕೊಟ್ಟು ಕೈ ಬಿಡಿಸುವುದು, ಕೀಲಿನೊಳಗೆ ಸಣ್ಣ ಕ್ಯಾಮೆರಾ ತೂರಿಸಿ ಮಾಡುವ ಶಸ್ತ್ರಚಿಕಿತ್ಸೆ ಈ ಮೂರನ್ನೂ ಹೋಲಿಸಿದ್ದಾರೆ. ಮೂರೂ ಗುಂಪಿನವರು ಚೆನ್ನಾಗಿ ಸುಧಾರಿಸಿದರು, ಗಮನಾರ್ಹವಾಗಿ ಯಾವುದೂ ಗೆಲ್ಲಲಿಲ್ಲ ಎಂದರು. “ನಿಮಗೆ ಏರಿಕೆ ಕಾಣುತ್ತಿದೆ, ನಿಧಾನ ಅಷ್ಟೇ. ಇರಲಿ ಬಿಡಿ.”

ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಅಧ್ಯಯನ, 2004ರದು, ನೆದರ್‌ಲೆಂಡ್ಸ್‌ನದು. 77 ರೋಗಿಗಳನ್ನು ಎರಡು ವರ್ಷ ಗಮನಿಸಿದ್ದರು. ಒಂದು ಗುಂಪಿಗೆ ನೋವನ್ನು ಮೀರಿ ಎಳೆಯುವ ತೀವ್ರ ಚಿಕಿತ್ಸೆ, ಇನ್ನೊಂದಕ್ಕೆ ವಿವರಣೆ, ಧೈರ್ಯ, ಮತ್ತು ನೋವಿನ ಮಿತಿಯೊಳಗಿನ ವ್ಯಾಯಾಮ ಮಾತ್ರ. ಕೊನೆಗೆ ಬಹುತೇಕ ಸರಿಯಾದ ಭುಜ ಸಿಕ್ಕಿದ್ದು ಎಳೆಸಿಕೊಂಡವರಲ್ಲಿ ನೂರಕ್ಕೆ 63 ಮಂದಿಗೆ, ಮೆತ್ತಗೆ ನಡೆಸಿಕೊಂಡವರಲ್ಲಿ 89 ಮಂದಿಗೆ. ನನ್ನ ಕಿರುಚಾಟದ ಸಂಜೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿರಲಿಲ್ಲ. ಆದರೆ ಅದೇ ಅಂಕಿ ಇನ್ನೊಂದು ಕಡೆಯಿಂದಲೂ ಚುಚ್ಚುತ್ತದೆ. ಈ ರೋಗ ಒಂದರಿಂದ ಮೂರು ವರ್ಷಗಳಲ್ಲಿ ಬಹಳಷ್ಟು ಜನರಲ್ಲಿ ತಾನಾಗಿಯೂ ಸಡಿಲವಾಗುತ್ತದೆ. ಹಾಗಿದ್ದರೆ ನನ್ನ ಭುಜವನ್ನು ಬಿಡಿಸಿದ್ದು ಕೈಚಿಕಿತ್ಸೆಯೋ, ಮಾಪಿನ ಹಿಡಿಯೋ, ಹತೋಟಿಗೆ ಬಂದ ಸಕ್ಕರೆಯೋ, ಬರೀ ಕಾಲವೋ? ಚರಾಕ್ಷರಗಳು ನಾಲ್ಕು, ಸಮೀಕರಣ ಒಂದೇ, ಬಿಡಿಸಲು ಬರುವುದಿಲ್ಲ. ಇಷ್ಟು ಮಾತ್ರ ಹೇಳಬಲ್ಲೆ: ಆ ಹುಡುಗಿಯ ಮಂಚದಿಂದ ಎದ್ದ ಕೂಡಲೇ ಕೈ ಪ್ರತಿಸಲವೂ ಸ್ವಲ್ಪ ಹಗುರವಾಗಿರುತ್ತಿತ್ತು, ಮತ್ತು ಆ ಹಗುರ ಇರುವಾಗಲೇ ಹಿಗ್ಗಿಸಿದರೆ ಮರುದಿನಕ್ಕೂ ಒಂದಿಷ್ಟು ಉಳಿಯುತ್ತಿತ್ತು. ವಾರಗಟ್ಟಲೆ ಬಿಟ್ಟಾಗ ಉಳಿಯಲಿಲ್ಲ.

ಸದ್ಯ ಎಡಗೈ ಮುಂದಿನಿಂದ 160 ಡಿಗ್ರಿಯವರೆಗೆ ಏರುತ್ತದೆ, ಹೆಗಲು ಏರಿಸದೆ. ಹೊರತಿರುವು 55ರಲ್ಲಿ ನಿಂತಿದೆ, ಬಲಗೈಗೆ ಇನ್ನೂ ಸಮನಾಗಿಲ್ಲ. ಹುಕ್ಕು ಸಿಗುತ್ತದೆ. ಜಡೆ ಹೆಣೆಯುತ್ತೇನೆ, ಕೊನೆಯ ಎಳೆಗಳಲ್ಲಿ ತೋಳು ಸೋಲುತ್ತದೆ. ಸಕ್ಕರೆ ಇರುವವರಿಗೆ ಇನ್ನೊಂದು ಭುಜಕ್ಕೂ ಬರುವ ಸಾಧ್ಯತೆ ಇರುವುದರಿಂದ ಬಲಗೈಯ ಹೊರತಿರುವನ್ನೂ ಆಗಾಗ ನೋಡಿಕೊಳ್ಳಲು ಹೇಳಿದ್ದಾರೆ.

ಮೊನ್ನೆ ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರು ತಮಗೂ ಭುಜ ಹಿಡಿದಿದೆ, ನಿಮ್ಮ ವ್ಯಾಯಾಮಗಳನ್ನೆಲ್ಲ ಬರೆದುಕೊಡಿ ಮೇಡಂ ಎಂದು ಕೇಳಿದರು. “ಸರ್, ನೀವೇ ಎತ್ತಿದರೆ ಏಳದ ಕೈ ಬೇರೆಯವರು ಮೆಲ್ಲಗೆ ಎತ್ತಿದರೆ ಏಳುತ್ತದೆಯೇ?” ಎಂದು ಕೇಳಿದೆ. ಮನೆಯಲ್ಲಿ ಹೆಂಡತಿ ಎತ್ತಿದಾಗ ಪೂರ್ತಿ ಎದ್ದಿತಂತೆ. ಹಾಗಾದರೆ ನನ್ನ ಪಟ್ಟಿ ಬೇಡ, ಮೊದಲು ಮೂಳೆ ವೈದ್ಯರಿಗೆ ತೋರಿಸಿ ಎಂದೆ. ಎಂಆರ್‌ಐಯಲ್ಲಿ ಸ್ನಾಯುರಜ್ಜು ಹರಿದಿರುವುದು ಕಂಡಿತು. ಅವರಿಗೆ ಈಗ ಬಲ ತುಂಬುವ ವ್ಯಾಯಾಮ ನಡೆಯುತ್ತಿದೆ. ಪೆಂಡುಲಮ್ ಒಂದನ್ನು ಬಿಟ್ಟರೆ ನಾನು ಮಾಡಿದ ಯಾವುದೂ ಅದರಲ್ಲಿ ಇಲ್ಲ.